‘ಲಕ್ಕಿ ಬಗರ್’ ಅಂದರೆ ಬೈದ ಹಾಗಾ?

ತಮ್ಮಾ, ನೀನು ಇಂಗ್ಲೆಂಡಿನ ಶೆಫೀಲ್ಡಿಗೆ ಬಂದು ಇನ್ನೂ ಮೂರು ವಾರ. ನಿನಗೆ ಶುಕ್ರವಾರ ರಜೆ ಸಿಕ್ಕಿತು ಅಂತ ಕೇಳಿ, ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ‘ಲಕ್ಕಿ ಬಗರ್’ ಅಂದರು. ಡಿಕ್ಷನರಿ ತೆಗೆದರೆ ಅಸಹ್ಯ ಅರ್ಥ ಇದೆ, ದೂರು ಕೊಡಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಅವರು ಬೈದಿಲ್ಲ, ‘ಅದೃಷ್ಟವಂತ ಕಣೋ’ ಅಂತ ಸುಮ್ನೆ ಹೊಟ್ಟೆ ಉರಿದುಕೊಂಡಿದ್ದಾರೆ.

ನಮ್ಮ ಮಂಡ್ಯ ಕಡೆ ‘ಬಡ್ಡೀಮಗ’ ಅನ್ನಲ್ವಾ? ಗೆಳೆಯ ಸಿಕ್ಕಾಗ ಅಂದರೆ ಪ್ರೀತಿ. ಗದ್ದೆ ನೀರಿನ ಜಗಳದಲ್ಲಿ ಅಂದರೆ ಹೊಡೆದಾಟ. ಇದೂ ಹಾಗೇ. ಬರೆಯುವಾಗ ಬಗರ್, ಈ ಕಡೆಯವರ ಬಾಯಲ್ಲಿ ‘ಬುಗ್ಗ’. ಮೊದಲ ಸಲ ಓದಿದಾಗ ನನಗೆ ಬಗರ್ ಹುಕುಂ ಜಮೀನೇ ನೆನಪಾಗಿತ್ತು!

ಈ ಬೈಗುಳ ಹುಟ್ಟಿದ್ದು ಬಲ್ಗೇರಿಯಾದ ಹೆಸರಿನಿಂದ. 10ನೇ ಶತಮಾನದಲ್ಲಿ ಅಲ್ಲಿ ಬೊಗೊಮಿಲ್ ಅಂತ ಒಂದು ಪಂಥ ಎದ್ದಿತು. ಚರ್ಚೂ ಬೇಡ, ಶಿಲುಬೆಯೂ ಬೇಡ ಅನ್ನುವವರು. ಅಂಥದೇ ವಿಚಾರ ಫ್ರಾನ್ಸಿನಲ್ಲಿ ಹಬ್ಬಿದಾಗ ಅಲ್ಲಿಯವರನ್ನೂ ‘ಬೂಗ್ರ’, ಅಂದರೆ ಬಲ್ಗೇರಿಯಾದವರು, ಅಂತ ಹಳಿದರು. ಧರ್ಮ ಬಿಟ್ಟವರ ಮೇಲೆ ಹಾಸಿಗೆಯ ಅಪವಾದ ಹೊರಿಸುವುದು ಎಲ್ಲ ಊರಿನ ಚಾಳಿ. ಹಾಗಾಗಿ ಇಂಗ್ಲಿಷಿನಲ್ಲಿ ಆ ಪದ ಗುದಸಂಭೋಗಕ್ಕೆ ಅಂಟಿಕೊಂಡಿತು. 1533ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾನೂನು ಅದಕ್ಕೆ ನೇಣು ಅಂದಿತು. 1861ರ ತನಕ ಮರಣದಂಡನೆ ಹೋಗಲಿಲ್ಲ. ಅದೇ ಬುದ್ಧಿಯನ್ನು ಬ್ರಿಟಿಷರು ನಮ್ಮ ಮೇಲೂ ದಂಡ ಸಂಹಿತೆಯ 377ನೇ ಸೆಕ್ಷನ್ ಅಂತ ಹೇರಿ ಹೋದರು. ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ.

ಇಷ್ಟು ಜನರ ಪ್ರಾಣ ತಿಂದ ಪದವನ್ನು ಇಲ್ಲಿಯ ಅಜ್ಜಂದಿರು ಟೀ ಕುಡಿಯುತ್ತ ಮೊಮ್ಮಗನಿಗೆ ಅನ್ನುತ್ತಾರೆ: ‘ಚೀಕಿ ಲಿಟಲ್ ಬಗರ್’. ತುಂಟ ಮುಂಡೇದು ಅಂದ ಹಾಗೆ.

ಹಿಂದೆ ಮುಂದೆ ಯಾವ ಪದ ಇದೆ ನೋಡು, ಅರ್ಥ ಅದರ ಮೇಲೆ. ‘ಪೂರ್ ಬಗರ್’ ಅಂದರೆ ಪಾಪ ಅಂತ. ‘ಬಗರ್ ಆಲ್’ ಅಂದರೆ ಏನೇನೂ ಇಲ್ಲ. ‘ಐಮ್ ಬಗರ್ಡ್’ ಅಂದರೆ ಸುಸ್ತಾಗಿ ಹೋದೆ. ‘ಬಗರ್ ಆಫ್’ ಅಂದರೆ ಮಾತ್ರ ತೊಲಗು ಅಂತ. ಅದನ್ನು ಮುಖ ಗಂಟಿಕ್ಕಿ ಹೇಳಿದರೆ, ಇಲ್ಲ ಅದರ ಜೊತೆ ನಿನ್ನ ದೇಶ, ಬಣ್ಣ ಸೇರಿಸಿದರೆ, ದಿನಾಂಕ ಬರೆದಿಟ್ಟು ಮ್ಯಾನೇಜರಿಗೆ ತಿಳಿಸು. ಆಗ ಸುಮ್ಮನಿರಬೇಡ.

ನೀನು ಮಾತ್ರ ಸದ್ಯಕ್ಕೆ ಈ ಪದ ಆಡಬೇಡ. ನಾನು ಬಂದ ವರ್ಷ ಬಾಡಿಗೆ ಮನೆಯ ಒಡತಿಗೆ, ಪ್ರೀತಿಯಿಂದಲೇ, ‘ಲಕ್ಕಿ ಬಗರ್’ ಅಂದಿದ್ದೆ. ಎರಡು ವಾರ ಬರೀ ಚೀಟಿಯಲ್ಲಿ ಬರೆದು ಮಾತಾಡಿದರು.