ನೇರಳೆ ಮುಚ್ಚಳದ ಟ್ಯೂಬು

ಮನೆಯಲ್ಲೊಬ್ಬರು ವಿಜ್ಞಾನ ಓದಿದರೆ ಸಾಕು, ಇಡೀ ಬಳಗಕ್ಕೆ ಅವರೇ ಡಾಕ್ಟರು. ಪುಣೆಯ ಕೋಥ್ರೂಡಿನಲ್ಲಿ ನಾನು ಆಪ್ತಸಲಹೆ ನೀಡುವ ಕೋಣೆಗೆ ಇಂಥ ಹುಡುಗರು ಬರುತ್ತಲೇ ಇರುತ್ತಾರೆ, ಕನ್ನಡದಲ್ಲಿ ಅಳಬಹುದು ಎಂಬ ಒಂದೇ ಕಾರಣಕ್ಕೆ. ಗುರುತು ಹತ್ತುವಂಥದ್ದನ್ನೆಲ್ಲ ಬದಲಿಸಿ ಬರೆಯುತ್ತಿದ್ದೇನೆ.

ಬೆಳಗಾವಿ ಕಡೆಯವನು, ಪಿಎಚ್.ಡಿ. ಮುಗಿಸಿ ಸಂಶೋಧನೆಯಲ್ಲಿರುವ ಪೋಸ್ಟ್‌ಡಾಕ್. ಕ್ಯಾನ್ಸರ್ ಕೋಶಗಳಲ್ಲಿ ಜೀನುಗಳು ಹೇಗೆ ಸುಮ್ಮನಾಗುತ್ತವೆ ಎಂಬುದು ಅವನ ವಿಷಯ. ಡಿಎನ್‌ಎಯ ಒಂದಕ್ಷರವೂ ಕೆಡದೆ, ಮೇಲೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಷ್ಟಕ್ಕೇ ಜೀನ್ ಕೆಲಸ ನಿಲ್ಲಿಸಬಹುದಂತೆ. ಅವನ ತಾಯಿಗೆ ಸ್ತನ ಕ್ಯಾನ್ಸರ್, ಹಾರ್ಮೋನ್ ಮದ್ದುಗಳು ನಾಟದ ಟ್ರಿಪಲ್ ನೆಗೆಟಿವ್ ಎಂಬ ಬಗೆ. ತಂಗಿಯನ್ನು ಸೋದರಮಾವನ ಮಗನಿಗೆ ಕೊಡುವ ಮಾತು ನಡೆದಿತ್ತು. ಅತ್ತೆ "ಇದು ರಕ್ತದಾಗ ಬರೂದೇನು?" ಎಂದು ಕೇಳಿದ್ದಾರೆ. ಅಪ್ಪ "ನಮ್ಮ ಹುಡುಗ ಇದರಾಗೇ ಓದ್ಯಾನ, ಅವನಽ ಹೇಳ್ತಾನ" ಎಂದುಬಿಟ್ಟಿದ್ದಾರೆ. ರಕ್ತದಲ್ಲಿದ್ದರೆ ಅತ್ತೆಯ ಗಂಡನ ರಕ್ತದಲ್ಲೂ ಇರಬಹುದಲ್ಲ! ಅದು ಯಾರಿಗೂ ಹೊಳೆದಿರಲಿಲ್ಲ.

ಮೊದಲೆರಡು ಸಲ ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದ. ಮೂರನೆಯ ಸಲ ಎದ್ದು ಹೊರಟವನು ಬಾಗಿಲ ಹತ್ತಿರ ನಿಂತ.

"ಅವ್ವನ ರಕ್ತ ನಮ್ಮ ಲ್ಯಾಬಿನ ಫ್ರಿಜ್‌ನ್ಯಾಗ ಐತ್ರಿ ಮೇಡಂ."

ಮತ್ತೆ ಕೂರಿಸಿದೆ. ಊರಿನ ಕಂಪೌಂಡರ್ ಕೈಲಿ ತೆಗೆಸಿ, ಥರ್ಮಾಸಿನಲ್ಲಿ ಐಸ್ ತುಂಬಿ, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ನೇರಳೆ ಮುಚ್ಚಳದ ಟ್ಯೂಬು. ಮೇಲೆ ಬರೆದದ್ದು "ಕಂಟ್ರೋಲ್ 7", ಹೋಲಿಕೆಗೆಂದು ಇಡುವ ಮಾದರಿಗಳಲ್ಲೊಂದು ಎಂಬಂತೆ.

"ಅವ್ವಗ ಏನಂತ ಹೇಳಿ ತೆಗೆಸಿದಿರಿ?"

"ಸಕ್ಕರಿ ನೋಡಸ್ತೀನಿ ಅಂತ."

ಆಮೇಲೆ ಅವನೇ ವಿವರಿಸಿದ. 1994ರಲ್ಲಿ ಪತ್ತೆಯಾದ ಬಿಆರ್‌ಸಿಎ1, 17ನೇ ವರ್ಣತಂತುವಿನ ಮೇಲಿನ ದೊಡ್ಡ ಜೀನು; ಅದು ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚು. ದೋಷ ಎಲ್ಲಿ ಬೇಕಾದರೂ ಇರಬಹುದು, ಅವನು ನೋಡಬಲ್ಲದ್ದು ನಾಲ್ಕಾರು ಜಾಗ. ಇನ್ನು ಗಡ್ಡೆಯೊಳಗಷ್ಟೇ ಮೀಥೈಲ್ ಅಂಟಿ ಆ ಜೀನ್ ಸುಮ್ಮನಾಗಿದ್ದರೆ ಅದು ರಕ್ತದಲ್ಲಿ ಕಾಣಲಿಕ್ಕಿಲ್ಲ. ಅಂದರೆ "ಸಿಗಲಿಲ್ಲ" ಎಂಬುದು "ಇಲ್ಲ" ಎಂದಾಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದವನು!

"ಮತ್ತ್ಯಾಕೆ ತಂದಿರಿ?"

"ಅಪ್ಪಗ ಹೇಳಾಕ ಒಂದು ಮಾತು ಬೇಕಾಗಿತ್ರಿ."

ನಾನು ನೇರವಾಗಿಯೇ ಹೇಳಿದೆ: ಟ್ಯೂಬು ತೆರೆಯಬೇಡಿ. ಸಲಹೆಗಾರರು ಹೀಗೆ ಅಪ್ಪಣೆ ಕೊಡಬಾರದು ಎಂದು ನನ್ನ ಜೊತೆಯವರೊಬ್ಬರು ಆಮೇಲೆ ಆಕ್ಷೇಪಿಸಿದರು. ಇರಬಹುದು. ಆದರೆ ಫಲ ಗೊತ್ತಾದ ಮೇಲೆ ಗೊತ್ತಿಲ್ಲದವನಾಗಲು ಬರುವುದಿಲ್ಲ. ತಾಯಿಗೂ ತಂಗಿಗೂ ತಿಳಿಯದ್ದನ್ನು ಹೊತ್ತುಕೊಂಡು ಅವನು ಮದುವೆಯ ಚಪ್ಪರದಲ್ಲಿ ಓಡಾಡಬೇಕಿತ್ತು. ಅದನ್ನು ನೋಡುತ್ತ ತಲೆಯಾಡಿಸುವುದು ನನ್ನಿಂದಾಗದು.

ಉಳಿದದ್ದು ಸರಳ. ಅಪ್ಪನಿಗೆ "ನಾನು ಡಾಕ್ಟರಲ್ಲ, ನನ್ನ ಮಾತು ಸರ್ಟಿಫಿಕೇಟ್ ಅಲ್ಲ" ಎಂದು ಹೇಳುವುದು. ಸ್ತನ ಕ್ಯಾನ್ಸರ್‌ಗಳಲ್ಲಿ ಆನುವಂಶಿಕವಾದವು ಶೇಕಡ 5ರಿಂದ 10 ಮಾತ್ರ, ಆದರೂ ಟ್ರಿಪಲ್ ನೆಗೆಟಿವ್‌ನಲ್ಲಿ ಆ ಸಂಭವ ಹೆಚ್ಚಾದ್ದರಿಂದ ಕೇಳಿ ನೋಡುವುದು ಒಳ್ಳೆಯದು. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ಕೇ ಇದೆ. ಪರೀಕ್ಷೆ ಮೊದಲು ಕಾಯಿಲೆಯಾದವರಿಗೆ, ಅವರು ಒಪ್ಪಿದರೆ. ದೋಷ ಸಿಕ್ಕರೆ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ. ಗಂಡುಮಗನಿಗೂ ಅಷ್ಟೇ. ಇದನ್ನು ಹೇಳಿದಾಗ ಅವನು ನನ್ನನ್ನೇ ನೋಡಿದ. ತಂಗಿಯ ಲೆಕ್ಕ ಹಾಕುವುದರಲ್ಲಿ ತನ್ನನ್ನು ಎಣಿಸಿರಲಿಲ್ಲ.

ಟ್ಯೂಬನ್ನೇನು ಮಾಡಲಿ ಎಂದ. ಕೊಟ್ಟವರನ್ನೇ ಕೇಳಿ ಎಂದೆ.

ಊರಿಗೆ ಹೋಗಿ ತಂಗಿಯ ಎದುರಿಗೇ ತಾಯಿಗೆ ಎಲ್ಲ ಹೇಳಿದನಂತೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದಿನದ್ದು ಇನ್ನೂ ಇಟ್ಟೀಯೇನೋ? ಚೆಲ್ಲು. ಬೇಕಂದ್ರ ಹೊಸಾದು ಕೊಡ್ತೀನಿ" ಅಂದರಂತೆ.