ಪ್ರತಿಕ್ರಿಯೆ: ಬೇಸ್ ಗಿಟಾರ್ ಮೇಲ್ಹಲಗೆಗೆ ಮಾವೋ, ಬೀಟೆಯೋ?

ಬೇಸ್ ಗಿಟಾರಿನ ಬಾಡಿ ಮೇಲೆ ಅಂಟಿಸುವ ತೆಳು ಮೇಲ್ಹಲಗೆಗೆ ಮಾವು ಒಳ್ಳೆಯದೋ ಬೀಟೆಯೋ ಅಂತ ಕೇಳಿದ್ದೀರಿ. ಕಪ್ಪು ಗೆರೆಗಳಿರುವ ಮಾವಿನ ಹಲಗೆಯನ್ನು ಎರಡು ತುಂಡಾಗಿ ಸೀಳಿಸಿದ ಎರಡೇ ದಿನಕ್ಕೆ ಬಾಗಿತು ಅಂದ್ರಲ್ಲ, ಬಹುಶಃ ಒಳಗೆ ಇನ್ನೂ ಹಸಿ ಇದೆ. ಮಾವು ಅನ್ನೋ ಕಾರಣಕ್ಕೆ ಬಾಗಿದ್ದಲ್ಲ.

ಮೊದಲು ಮರದ ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ಹಿಡಿದು ನೋಡಿ. ಶೇ. 10ರ ಆಸುಪಾಸಿಗೆ ಬರುವವರೆಗೆ ಗಿಟಾರಿನ ಬಾಡಿ ಮೇಲೆ ಅಂಟಿಸಲೇಬೇಡಿ, ಪುಣೆಯ ಮಳೆಗಾಲ ಮುಗಿಯದೆ ಅಷ್ಟು ಇಳಿಯೋದು ಕಷ್ಟ. ಅಲ್ಲಿವರೆಗೆ ಎರಡೂ ತುಂಡುಗಳ ನಡುವೆ ತೆಳು ಪಟ್ಟಿಗಳನ್ನಿಟ್ಟು, ಮೇಲೆ ಭಾರ ಹೇರಿ, ಗಾಳಿಯಾಡುವ ಕಡೆ ಇಡಿ. ಬಿಸಿಲು ಬೇಡ, ಸೀಳುತ್ತದೆ.

ಆ ಕಪ್ಪು ಗೆರೆಗಳು ಬೂಷ್ಟಿನಿಂದ ಬಂದವು, ಬಲು ಚಂದ. ಆದರೆ ಪಕ್ಕದ ಬಿಳಿ ಜಾಗವನ್ನು ಉಗುರಿನಿಂದ ಒತ್ತಿ ನೋಡಿ. ಸ್ವಲ್ಪ ಕುಳಿ ಬಿದ್ದರೆ ನೀರಿನಂಥ ತೆಳು ಸೂಪರ್ ಗ್ಲೂ ಕುಡಿಸಿದರೆ ಗಟ್ಟಿಯಾಗುತ್ತದೆ. ಪುಡಿಪುಡಿ ಉದುರಿದರೆ ಆ ತುಂಡು ಬಿಟ್ಟುಬಿಡಿ.

ಬೀಟೆ ಚೆನ್ನಾಗಿರುತ್ತದೆ, ಆದರೆ ಭಾರ ಜಾಸ್ತಿ, ಹೆಗಲಿಗೆ ಗೊತ್ತಾಗುತ್ತದೆ. 5-6 ಮಿ.ಮೀ. ಮೇಲ್ಹಲಗೆಯಿಂದ ಸಾಲಿಡ್ ಬಾಡಿಯ (ಒಳಗೆ ಟೊಳ್ಳಿಲ್ಲದ ಗಿಟಾರಿನ) ನಾದ ಹೆಚ್ಚೇನೂ ಬದಲಾಗಲ್ಲ ಅಂತ ನನ್ನ ಅನಿಸಿಕೆ, ಹಾಗಾಗಿ ಕಣ್ಣಿಗೆ ಹಿಡಿಸಿದ್ದನ್ನೇ ಆರಿಸಿ. ಪುಣೆಯ ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಲ್ಲಿ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಪಾಲಿಶ್ ಆದಮೇಲೆ ಬಣ್ಣ ಹೆಚ್ಚುಕಡಿಮೆ ಹಾಗೇ ಕಾಣುತ್ತದೆ.