ತೊನ್ನು ಬಂದದ್ದು ಅಮ್ಮನ ತಪ್ಪಿನಿಂದಲ್ಲ

(ಗುರುತು ಸಿಗದಂತೆ ಹೆಸರು ಮತ್ತು ವಿವರಗಳನ್ನು ಬದಲಿಸಿದ್ದೇನೆ.)

ವನಿತಾ ಮಂಗಳೂರಿನಲ್ಲಿ ಪ್ರೈಮರಿ ಶಾಲೆಯ ಟೀಚರ್, ವಯಸ್ಸು 25. ಮನೆ ಉಡುಪಿ ಕಡೆ. ಬೆರಳ ಗೆಣ್ಣುಗಳ ಮೇಲೆ, ಬಾಯಿಯ ಅಂಚಿನಲ್ಲಿ, ಹಣೆಯ ನಡುವೆ ಬಿಳಿ ಕಲೆ. ಇದು ತೊನ್ನು ಎಂದು ಚರ್ಮದ ಡಾಕ್ಟರು ಆಗಲೇ ಹೇಳಿದ್ದರು. ಮದುವೆ ಮಾತು ನಡೆಯುತ್ತಿತ್ತು. ಅಮ್ಮ ಅವಳನ್ನು ಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದರು.

ಮಾತು ಶುರು ಮಾಡಿದ್ದು ಅಮ್ಮನೇ. "ಬಂಗುಡೆ ಸಾರಿನ ಊಟ ಆದ ಮೇಲೆ ಹಾಲು ಕೊಟ್ಟದ್ದು ನಾನು ಮೇಡಂ. ನನ್ನಿಂದಲೇ ಆದದ್ದು ಇದು." ಆಮೇಲೆ ಮನೆಗೆ ಮೀನು ತರುವುದನ್ನೇ ಬಿಟ್ಟಿದ್ದರು. ಹುಳಿಯೂ ಇಲ್ಲ. ನಾಗದೋಷ ಎಂದು ಯಾರೋ ಹೇಳಿದ್ದಕ್ಕೆ ಆಶ್ಲೇಷಾ ಬಲಿ ಪೂಜೆಯೂ ಆಗಿತ್ತು. ವನಿತಾ ಬಾಯಿ ಬಿಡಲಿಲ್ಲ. ಚೂಡಿದಾರದ ತೋಳನ್ನು ಬೆರಳಿನವರೆಗೆ ಎಳೆದುಕೊಂಡು ಕೂತಿದ್ದಳು. ತೋಳಿನ ಅಂಚಿಗೆಲ್ಲ ಫೌಂಡೇಶನ್ ಕ್ರೀಮು ಮೆತ್ತಿತ್ತು.

ಮೊದಲು ಅಮ್ಮನ ಜೊತೆಗೇ ಜಾಸ್ತಿ ಹೊತ್ತು ಮಾತಾಡಿದೆ. ತಪ್ಪು ತನ್ನದೇ ಎಂದುಕೊಂಡ ತಾಯಿ ಮಗಳ ಕೈ ಕಂಡಾಗಲೆಲ್ಲ ನೋಯುತ್ತಾಳೆ, ಆ ನೋವು ನೋಡಿ ಮಗಳು ಕೈ ಅಡಗಿಸುತ್ತಾಳೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದಾಗ ತೊನ್ನು ಬರುತ್ತದೆ. ಮೀನು, ಹಾಲು, ಹುಳಿ ಯಾವುದರಿಂದಲೂ ಅಲ್ಲ. ಮುಟ್ಟಿದರೆ ಹರಡುವುದಿಲ್ಲ. ಕುಷ್ಠವಂತೂ ಅಲ್ಲವೇ ಅಲ್ಲ. ಅದು ಬ್ಯಾಕ್ಟೀರಿಯಾದಿಂದ ಬರುವ ಬೇರೆಯೇ ಕಾಯಿಲೆ, ಅದಕ್ಕೂ ಈಗ ಪೂರ್ತಿ ಗುಣವಾಗುವ ಮದ್ದಿದೆ. "ಪೂಜೆ ನಿಮ್ಮ ನಂಬಿಕೆ ಅಮ್ಮಾ, ನಾನು ಬೇಡ ಅನ್ನುವುದಿಲ್ಲ. ಡಾಕ್ಟರ ಮದ್ದು ಮಾತ್ರ ನಿಲ್ಲಿಸಬೇಡಿ" ಎಂದೆ. ಅವರು ಅತ್ತರು.

ಆಮೇಲೆ ವನಿತಾಳನ್ನು ಒಬ್ಬಳನ್ನೇ ಕೂರಿಸಿಕೊಂಡೆ. "ಮಕ್ಕಳು ಕೈ ಹಿಡಿಯಲು ಬಂದರೆ ಹಿಂದೆ ಸರಿಯುತ್ತೇನೆ ಮೇಡಂ. ಅವರಿಗೂ ಅಂಟಿದರೆ?" ಒಂದನೇ ಕ್ಲಾಸಿನ ಮಕ್ಕಳು, ಕೈ ಹಿಡಿಯದೆ ಇರುತ್ತವಾ! ಅಂಟುವುದಿಲ್ಲ ಎಂದು ಅವಳಿಗೆ ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಹಣೆಗೆ ಸ್ಟಿಕ್ಕರ್ ಬಿಂದಿ ಇತ್ತು, ಕಲೆಯೂ ಅಲ್ಲೇ. ಬಿಂದಿಯ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳಿಂದಲೂ ಚರ್ಮದ ಬಣ್ಣ ಹೋಗಬಹುದು. ಅದನ್ನು ಬಿಡು, ಡಾಕ್ಟರಿಗೂ ತಿಳಿಸು ಎಂದೆ. ತೊನ್ನಿನ ಜೊತೆ ಥೈರಾಯ್ಡ್ ತೊಂದರೆ ಇರುವುದುಂಟು, ಆ ಪರೀಕ್ಷೆಯ ಬಗ್ಗೆಯೂ ಕೇಳಲು ಹೇಳಿದೆ. ಚಿಕಿತ್ಸೆಗೆ ಮುಲಾಮು ಇದೆ, ವಾರಕ್ಕೆ ಎರಡು ಮೂರು ಸಲ ಕೊಡುವ ಬೆಳಕಿನ ಚಿಕಿತ್ಸೆ ಇದೆ. ತಿಂಗಳುಗಟ್ಟಲೆ ಬೇಕು. ಮುಖದಲ್ಲಿ ಬಣ್ಣ ಬೇಗ ಮರಳುತ್ತದೆ, ಬೆರಳ ತುದಿ ಮತ್ತು ತುಟಿಯಲ್ಲಿ ಕಷ್ಟ. ಇದನ್ನು ಮುಚ್ಚಿಡದೆ ಹೇಳಿದೆ, ಸುಮ್ನೆ ಆಸೆ ಹುಟ್ಟಿಸಬಾರದು.

ಉಳಿದದ್ದು ಮದುವೆ. "ಉದ್ದ ತೋಳಿನ ರವಿಕೆ ಹಾಕು, ತಾಳಿ ಬೀಳುವ ತನಕ ಬಾಯಿ ಬಿಡಬೇಡ" ಎಂದಿದ್ದರಂತೆ ಸೋದರತ್ತೆ. ನಾನು ಒಪ್ಪಲಿಲ್ಲ. ಮುಚ್ಚಿಟ್ಟು ಮದುವೆಯಾದರೆ ಆಮೇಲೆ ಪ್ರತಿದಿನ ಆ ಭಯದಲ್ಲೇ ಬದುಕಬೇಕು. ಗಂಡಿನ ಕಡೆಯವರು ನೋಡಲು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ ಎಂದೆ: "ನನಗೆ ತೊನ್ನು ಇದೆ, ಮದ್ದು ಮಾಡುತ್ತಿದ್ದೇನೆ, ಅಂಟುವ ಕಾಯಿಲೆ ಅಲ್ಲ." ಮಕ್ಕಳಿಗೆ ಬರುತ್ತದಾ ಎಂದು ಅವರು ಕೇಳಿಯೇ ಕೇಳುತ್ತಾರೆ. ಮನೆತನದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ತೊನ್ನು ಇರುವವರ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ಅಷ್ಟನ್ನೇ ಹೇಳಲಿ.

ಫೋನು ಮಾಡಿದ್ದು ವನಿತಾಳೇ. ಆ ಸಂಬಂಧ ತಪ್ಪಿತು. ಅಮ್ಮನಿಗೆ ಬೇಸರವಾಯಿತು, ಅವಳಿಗೂ ಆಯಿತು. ಬೆಳಕಿನ ಚಿಕಿತ್ಸೆ ನಡೆಯುತ್ತಿದೆ. ಮುಂದೆ ಬರುವವರಿಗೂ ಮೊದಲೇ ಹೇಳುವುದೆಂದು ಇಬ್ಬರೂ ತೀರ್ಮಾನಿಸಿದ್ದಾರೆ.